ಖಾಲಿ ಹಾಸ್ಟೆಲ್‌ನ ಕರೆಂಟ್ ಲೆಕ್ಕ

ಬಿಲ್ ಕಟ್ಟಬೇಕಾಗಿಲ್ಲದವರು ಕರೆಂಟ್ ಉಳಿಸುತ್ತಾರೆಯೇ? ಯಾವ ಹಾಸ್ಟೆಲ್ ವಾರ್ಡನ್ನರನ್ನು ಕೇಳಿದರೂ ನಕ್ಕುಬಿಟ್ಟಾರು. ಅಮೆರಿಕದ ಓಹಾಯೊ ರಾಜ್ಯದ ಪುಟ್ಟ ಊರು ಓಬರ್ಲಿನ್. ಅಲ್ಲಿನ ಕಾಲೇಜಿನಲ್ಲಿ 2005ರಲ್ಲಿ ಈ ಪ್ರಶ್ನೆಯನ್ನು ನಗೆಗೆ ಬಿಡದೆ ಪ್ರಯೋಗಕ್ಕೇ ಹಚ್ಚಿದರು. ಪರಿಸರ ಅಧ್ಯಯನದ ಪ್ರಾಧ್ಯಾಪಕ ಜಾನ್ ಪೀಟರ್ಸನ್ ಮತ್ತು ಅವರ ವಿದ್ಯಾರ್ಥಿಗಳು ಹಾಸ್ಟೆಲ್‌ಗಳ ನಡುವೆ ಎರಡು ವಾರಗಳ ಪೈಪೋಟಿ ಏರ್ಪಡಿಸಿದರು: ವಿದ್ಯುತ್ತನ್ನೂ ನೀರನ್ನೂ ಯಾರು ಹೆಚ್ಚು ಉಳಿಸುತ್ತಾರೆ ನೋಡೋಣ ಎಂದು.

ಬಹುಪಾಲು ಹಾಸ್ಟೆಲ್‌ಗಳಲ್ಲಿ ವಾರಕ್ಕೊಮ್ಮೆ ಮೀಟರ್ ಓದಿ ಅಂಕಿಯನ್ನು ತಿಳಿಸುತ್ತಿದ್ದರು. ಎರಡು ಹಾಸ್ಟೆಲ್‌ಗಳಿಗೆ ಮಾತ್ರ ಬೇರೆ ವ್ಯವಸ್ಥೆ. ಅಲ್ಲಿ ಸೆನ್ಸರ್‌ಗಳು ಬಳಕೆಯನ್ನು ಎಡೆಬಿಡದೆ ಅಳೆಯುತ್ತಿದ್ದವು, ಈ ಗಳಿಗೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ಒಟ್ಟಾರೆ ವಿದ್ಯುತ್ ಬಳಕೆ ಶೇ 32ರಷ್ಟು ಇಳಿಯಿತು. ಉಳಿದದ್ದು 68,300 ಯೂನಿಟ್, ಹಣದಲ್ಲಿ 5,107 ಡಾಲರ್. ವಾರಕ್ಕೊಮ್ಮೆ ಅಂಕಿ ಕಂಡವರು ಶೇ 31ರಷ್ಟು ಇಳಿಸಿದ್ದರೆ, ಕ್ಷಣಕ್ಷಣವೂ ಕಂಡವರು ಶೇ 55ರಷ್ಟು ಇಳಿಸಿದ್ದರು.

ಈ ವ್ಯತ್ಯಾಸ ಹುಡುಗರ ಒಳ್ಳೆಯತನದ್ದಲ್ಲ. ಪರಿಸರದ ಕಾಳಜಿ ಎಲ್ಲ ಹಾಸ್ಟೆಲ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಇದ್ದಿರಬೇಕು. ಬೇರೆಯಾಗಿದ್ದದ್ದು ಮಾಹಿತಿ ಬರುವ ವೇಗ. ವಾರದ ಕೊನೆಗೆ ಬರುವ ಅಂಕಿ ಮಾರ್ಕ್ಸ್ ಕಾರ್ಡಿನಂತೆ. ಪಾಸೋ ಫೇಲೋ ಹೇಳುತ್ತದೆ, ಎಲ್ಲಿ ತಪ್ಪಿದೆ ಎಂದು ಹೇಳುವುದಿಲ್ಲ. ಒಂದು ಸ್ವಿಚ್ ಆರಿಸಿದೊಡನೆ ಪರದೆಯ ಗೆರೆ ಕೆಳಗಿಳಿಯುವುದು ಕಂಡರೆ ಯಾವ ಯಂತ್ರ ಎಷ್ಟು ಎಳೆಯುತ್ತದೆಂಬುದು ತಾನಾಗಿಯೇ ಗೊತ್ತಾಗುತ್ತದೆ. ವಿದ್ಯುತ್ತಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿಡಾರಿನ ಮೂಲೆಯಲ್ಲಿ ಗುಂಯ್‌ಗುಡುವ ತಂಪು ಪಾನೀಯದ ಪೆಟ್ಟಿಗೆ ಹಗಲೂ ರಾತ್ರಿ ಕರೆಂಟ್ ಕುಡಿಯುತ್ತಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಓಬರ್ಲಿನ್ ಹುಡುಗರಿಗೆ ಅನ್ನಿಸಿತು, ಪ್ಲಗ್ ಕಿತ್ತರು. ಕಾರಿಡಾರಿನ ಬಲ್ಬುಗಳನ್ನೂ ಬಿಚ್ಚಿದರು. ಇದೆಲ್ಲ ಎರಡು ವಾರದ ಉತ್ಸಾಹ, ವರ್ಷವಿಡೀ ಕತ್ತಲಲ್ಲಿ ಯಾರೂ ಓಡಾಡುವುದಿಲ್ಲ. ಆದ್ದರಿಂದ ಶೇ 55 ಎಂಬ ಅಂಕಿಯನ್ನು, ಅದೂ ಎರಡೇ ಕಟ್ಟಡಗಳಿಂದ ಬಂದದ್ದನ್ನು, ಶಾಶ್ವತ ಉಳಿತಾಯವೆಂದು ಓದಬಾರದು.

ನನಗೆ ಹೆಚ್ಚು ಕುತೂಹಲವೆನಿಸಿದ್ದು ನೀರಿನ ಅಂಕಿ. ಅದು ಇಳಿದದ್ದು ಬರೇ ಶೇ 3. ಯೋಚಿಸಿದರೆ ಕಾರಣ ಹೊಳೆಯುತ್ತದೆ. ನಲ್ಲಿಯನ್ನು ಯಾರೂ ತೆರೆದಿಟ್ಟು ಕ್ಲಾಸಿಗೆ ಹೋಗುವುದಿಲ್ಲ. ನೀರು ಖರ್ಚಾಗುವುದು ಮನುಷ್ಯ ಎದುರಿಗಿದ್ದಾಗ. ವಿದ್ಯುತ್ತು ಹಾಗಲ್ಲ, ಯಾರೂ ಇಲ್ಲದ ಕೋಣೆಯಲ್ಲೂ ಖರ್ಚಾಗುತ್ತಲೇ ಇರುತ್ತದೆ. ಸುಲಭದ ಉಳಿತಾಯವೆಲ್ಲ ಅಡಗಿರುವುದು ಅಲ್ಲೇ.

ಅಂದಹಾಗೆ, ಓಬರ್ಲಿನ್‌ಗೂ ವಿದ್ಯುತ್ತಿಗೂ ಹಳೆಯ ನಂಟಿದೆ. ಅದೇ ಕಾಲೇಜಿನಲ್ಲಿ ಓದಿದ ಚಾರ್ಲ್ಸ್ ಮಾರ್ಟಿನ್ ಹಾಲ್, ವಿದ್ಯುತ್ ಹಾಯಿಸಿ ಅಗ್ಗವಾಗಿ ಅಲ್ಯೂಮಿನಿಯಂ ತೆಗೆಯುವ ವಿಧಾನವನ್ನು 1886ರಲ್ಲಿ ಕಂಡುಹಿಡಿದದ್ದು ಆ ಊರಿನ ತನ್ನ ಮನೆಯ ಸೌದೆ ಕೊಟ್ಟಿಗೆಯಲ್ಲಿ. ಇಂದಿಗೂ ಒಂದು ಕಿಲೊ ಅಲ್ಯೂಮಿನಿಯಂಗೆ 13ರಿಂದ 15 ಯೂನಿಟ್ ಬೇಕು. ಸೌರ ಫಲಕದ ಸುತ್ತಲಿನ ಚೌಕಟ್ಟು ಆ ಲೋಹದ್ದೇ.

ಸೌರ ಫಲಕದ ವಿಷಯದಲ್ಲೂ ಆ ಕಾಲೇಜು ಒಂದು ಪಾಠ ಕಲಿಯಿತು. ಪ್ರಾಧ್ಯಾಪಕ ಡೇವಿಡ್ ಓರ್ ಮತ್ತು ವಿದ್ಯಾರ್ಥಿಗಳು ಸೇರಿ ರೂಪಿಸಿದ ಪರಿಸರ ಅಧ್ಯಯನ ಕೇಂದ್ರ 2000ದಲ್ಲಿ ತೆರೆಯಿತು. ಚಾವಣಿಯ ಮೇಲೆ 60 ಕಿಲೊವಾಟ್ ಫಲಕಗಳು. ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸಬೇಕೆಂಬ ಆಸೆ. ಅದೇ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಜಾನ್ ಸ್ಕೋಫೀಲ್ಡ್ ಅಳೆದು ನೋಡಿದಾಗ, ಕಟ್ಟಡ ತಾನು ಉತ್ಪಾದಿಸುತ್ತಿದ್ದುದಕ್ಕಿಂತ ಬಹಳ ಹೆಚ್ಚು ಬಳಸುತ್ತಿತ್ತು. ಸಹೋದ್ಯೋಗಿಯ ಕನಸಿಗೆ ಮೀಟರ್ ಹಿಡಿದು ಲೇಖನ ಪ್ರಕಟಿಸಲು ಎದೆಗಾರಿಕೆ ಬೇಕು. 2006ರಲ್ಲಿ ಪಾರ್ಕಿಂಗ್ ಜಾಗದ ಮೇಲೆ ಇನ್ನೂ 100 ಕಿಲೊವಾಟ್ ಫಲಕಗಳು ಬಂದವು. ಆಮೇಲಷ್ಟೇ ಲೆಕ್ಕ ಸರಿಹೋಯಿತು.

ವಿದ್ಯಾರ್ಥಿಗಳೇ ನಡೆಸುವ ಯಾವ ಕೆಲಸಕ್ಕೂ ಒಂದು ತೊಡಕಿದೆ: ಮುಂದಾಳುಗಳು ಪದವಿ ಮುಗಿಸಿ ಹೊರಟುಬಿಡುತ್ತಾರೆ, ಬಂದವರು ಮತ್ತೆ ಮೊದಲಿನಿಂದ ಪೋಸ್ಟರ್ ಅಂಟಿಸುತ್ತಾರೆ. ಓಬರ್ಲಿನ್‌ನವರು ಉಳಿಸಿಹೋದದ್ದು ಪೋಸ್ಟರನ್ನಲ್ಲ, ಯಂತ್ರವನ್ನು. ಅಲ್ಲಿಯ ಪದವೀಧರರು 2004ರಲ್ಲಿ ಲ್ಯೂಸಿಡ್ ಎಂಬ ಕಂಪನಿ ಕಟ್ಟಿ, ಕಟ್ಟಡದ ಬಳಕೆಯನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶವನ್ನು ಬೇರೆ ಕ್ಯಾಂಪಸ್‌ಗಳಿಗೂ ಕೊಂಡೊಯ್ದರು. ಹಾಸ್ಟೆಲ್‌ನಲ್ಲಿ ಬಳಕೆ ಏರಿದರೆ ಕೆಂಪಾಗುವ, ಇಳಿದರೆ ಹಸಿರಾಗುವ ದೀಪದ ಗೋಲಗಳೂ ಬಂದವು. ಅಂಕಿ ಓದುವ ಬೇಸರವೂ ತಪ್ಪಿತು.

ನಮ್ಮಲ್ಲಿ ಏನಾಗಬಹುದು? ದೊಡ್ಡ ಕ್ಯಾಂಪಸ್‌ಗಳಿಗೆ ಸಾಮಾನ್ಯವಾಗಿ 11 ಕೆವಿ ಎಚ್‌ಟಿ, ಅಂದರೆ ಅಧಿಕ ವೋಲ್ಟೇಜಿನ, ಸಂಪರ್ಕ. ವಿದ್ಯುತ್ ಕಂಪನಿಯ ಮೀಟರ್ ಒಂದೇ, ಅದೂ ಟ್ರಾನ್ಸ್‌ಫಾರ್ಮರ್ ಬಳಿ ಬೀಗದ ಒಳಗೆ. ಲ್ಯಾಬ್ ಎಷ್ಟು, ಮೆಸ್ ಎಷ್ಟು, ಮಹಿಳಾ ಹಾಸ್ಟೆಲ್ ಎಷ್ಟು ಎಂಬುದು ಆ ಬಿಲ್ಲಿನಿಂದ ತಿಳಿಯದು. ಯೂನಿಟ್ಟಿನ ದರದ ಜತೆಗೆ, ಒಂದೇ ಹೊತ್ತಿಗೆ ಎಳೆಯುವ ಗರಿಷ್ಠ ವಿದ್ಯುತ್ತಿಗೆ ಬೇಡಿಕೆಯ ಶುಲ್ಕವೂ ಇರುವುದರಿಂದ, ಬೆಳಿಗ್ಗೆ ಆರೂವರೆಗೆ 2 ಕಿಲೊವಾಟ್‌ನ 20 ಗೀಸರ್ ಒಟ್ಟಿಗೆ ಉರಿದರೆ ಆ 40 ಕಿಲೊವಾಟ್ ಬಿಲ್ಲಿನಲ್ಲಿ ಬೇರೆಯೇ ಸಾಲಿನಲ್ಲಿ ಕಾಣಿಸಿಕೊಳ್ಳಬಹುದು. ಗೀಸರ್‌ಗಳಿಗೆ ಸರದಿ ಹಚ್ಚಿದರೆ ಯೂನಿಟ್ ಅಷ್ಟೇ ಇದ್ದರೂ ಬೇಡಿಕೆ ತಗ್ಗುತ್ತದೆ. ಫ್ಯಾನಿನ ಲೆಕ್ಕ ಇನ್ನೂ ಸರಳ. ಹಳೆಯದು ಪೂರ್ಣ ವೇಗದಲ್ಲಿ ಸುಮಾರು 75 ವಾಟ್, ಹೊಸ ಬಗೆಯ ಬಿಎಲ್‌ಡಿಸಿ ಮೋಟಾರಿನದು ಸುಮಾರು 30. ನಾಲ್ಕುನೂರು ಫ್ಯಾನ್‌ಗಳು ದಿನಕ್ಕೆ ಹತ್ತು ತಾಸು ತಿರುಗಿದರೆ ಉಳಿಯುವುದು 180 ಯೂನಿಟ್.

ಇಂಥದ್ದನ್ನು ಪತ್ತೆಹಚ್ಚಲು ಬ್ಲಾಕಿಗೊಂದು ಸಬ್-ಮೀಟರ್ ಸಾಕು. ತಂತಿಯನ್ನು ಕತ್ತರಿಸದೆ ಅದರ ಸುತ್ತ ಕಚ್ಚಿಕೊಂಡು ಕರೆಂಟ್ ಅಳೆಯುವ ಸಿಟಿ ಸೆನ್ಸರ್ ಮತ್ತು ಒಂದು ಚಿಕ್ಕ ಬೋರ್ಡ್ ಸೇರಿಸಿ ಎಲೆಕ್ಟ್ರಿಕಲ್ ವಿಭಾಗದ ಹುಡುಗ ಹುಡುಗಿಯರೇ ಇದನ್ನು ಮಾಡಿಕೊಳ್ಳಬಲ್ಲರು. ಪ್ಯಾನೆಲ್ ತೆರೆಯುವಾಗ ಮಾತ್ರ ಕಾಲೇಜಿನ ಎಲೆಕ್ಟ್ರಿಷಿಯನ್ ಜತೆಗಿರಲೇಬೇಕು. ಮೊದಲು ನೋಡಬೇಕಾದದ್ದು ಸಂಜೆಯ ಏರಿಕೆಯನ್ನಲ್ಲ, ರಜೆಯಲ್ಲಿ ಎಲ್ಲರೂ ಊರಿಗೆ ಹೋದ ಮೇಲಿನ ರೀಡಿಂಗನ್ನು. ನೀರಿನ ಕೂಲರ್, ಮೆಟ್ಟಿಲ ಟ್ಯೂಬ್‌ಲೈಟ್, ಮರೆತುಹೋದ ಫ್ರಿಜ್, ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಎಲ್ಲ ಅದರಲ್ಲಿ ಸಿಗುತ್ತವೆ. ಖಾಲಿ ಕಟ್ಟಡ ಬಿಡದೆ ಎಳೆಯುವ ಪ್ರತಿ ಕಿಲೊವಾಟಿಗೂ ತಿಂಗಳಿಗೆ 720 ಯೂನಿಟ್ ಬಿಲ್ಲಿಗೆ ಸೇರುತ್ತದೆ.