ಗೇಟಿನ ಒಳಗೆ ಆರೈಕೆ ಹೇಗಿದೆ? ನೋಡೋಣ, ಕೇಳೋಣ



ನಮ್ಮ ಸಂಘವೊಂದರ ಸದಸ್ಯೆ ತಮ್ಮ ನಾದಿನಿಯನ್ನು ಮಾನಸಿಕ ಪುನರ್ವಸತಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ಎರಡು ತಿಂಗಳ ಮೇಲೆ ನೋಡಲು ಹೋದಾಗ ಆಕೆಯ ತಲೆ ಬೋಳಿಸಿದ್ದರು. "ಹೇನು ಜಾಸ್ತಿ ಆಗಿತ್ತಮ್ಮ, ತೆಗೆಸಿಬಿಟ್ವಿ" ಅಂದರಂತೆ. ಸದಸ್ಯೆ ಮಾತಾಡದೆ ವಾಪಸ್ಸು ಬಂದರು. ಯಾಕೆ ಕೇಳಲಿಲ್ಲ ಎಂದರೆ, "ಅವರಿಗೆ ಸಿಟ್ಟು ಬಂದು ಕರ್ಕೊಂಡು ಹೋಗಿ ಅಂದ್ರೆ ಏನ್ ಮಾಡ್ಲಿ ಮೇಡಂ?" ಎಂದರು.

ಈ ಹೆದರಿಕೆ ಎಷ್ಟೋ ಮನೆಗಳಲ್ಲಿ ಇದೆ. ಆದರೆ ಕಡ್ಡಾಯವಾಗಿ ತಲೆ ಬೋಳಿಸುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ತಪ್ಪು. ಇದು ತಿಳಿದಿದ್ದರೆ ಆ ಸದಸ್ಯೆ ಅಲ್ಲೇ ಒಂದು ಮಾತು ಕೇಳುತ್ತಿದ್ದರು.

ಯಾರೂ ಹೋಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಏರ್ವಾಡಿಯೇ ಸಾಕು. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು, ಓಡಲು ಆಗಲಿಲ್ಲ. 28 ಜನ ಸತ್ತರು. ಸರಪಳಿ ಹಾಕುವುದನ್ನು ಈಗಿನ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತೆಯೂ ಇಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆ ಪಡೆದು, ಬರೆದಿಟ್ಟು, ಸ್ವಲ್ಪ ಹೊತ್ತು ಹಿಡಿದಿಡಬಹುದು. "ಸ್ಟಾಫ್ ಕಡಿಮೆ, ಅದಕ್ಕೆ ಕಟ್ಟಿದ್ವಿ" ಎಂಬ ನೆಪ ನಡೆಯುವುದಿಲ್ಲ.

ಹಾಗಾದರೆ ನಾವು ಹೋದಾಗ ಏನು ನೋಡಬೇಕು? ಮುಂದಿನ ಹಾಲ್‌ನ ಟೈಲ್ಸ್, ಹೂಕುಂಡ ನೋಡಿ ಮೋಸ ಹೋಗಬೇಡಿ. ಮೊದಲು ನೋಂದಣಿ ಪತ್ರವನ್ನು ಕಾಣುವ ಕಡೆ ಹಾಕಿದ್ದಾರಾ ನೋಡಿ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೇ ರೂ. 5,000ದಿಂದ 50,000ದವರೆಗೆ ದಂಡ. ಆಮೇಲೆ ಕಕ್ಕಸು, ಸ್ನಾನದ ಮನೆ. ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತಾ? ಮುಟ್ಟಿನ ದಿನಗಳಲ್ಲಿ ಬಟ್ಟೆ ಅಥವಾ ಪ್ಯಾಡ್ ಕೊಡುತ್ತಾರಾ ಅಂತ ನಾಚಿಕೆ ಬಿಟ್ಟು ಕೇಳಿ. ಕಾಯ್ದೆಯಲ್ಲೇ ಇದನ್ನು ಬರೆದಿದೆ. ತಮ್ಮದೇ ಬಟ್ಟೆ ಉಟ್ಟುಕೊಳ್ಳುವ ಹಕ್ಕೂ ಅವರಿಗಿದೆ, ಯೂನಿಫಾರಂ ಒತ್ತಾಯ ಇಲ್ಲ. ಮೂರು ವರ್ಷದೊಳಗಿನ ಮಗು ಇದ್ದರೆ, ತೀರಾ ಅಪಾಯ ಇದ್ದ ಹೊರತು, ತಾಯಿಯಿಂದ ಬೇರೆ ಮಾಡಬಾರದು.

ಪುನರ್ವಸತಿ ಆಸ್ಪತ್ರೆಯಲ್ಲಿ ನಾವು ಮುಖ್ಯವಾಗಿ ಕೇಳುವುದು, "ಇಡೀ ದಿನ ಏನ್ ಮಾಡ್ತೀರಿ?" ಅಂತ. ಮಾತ್ರೆ ನುಂಗಿ ಗೋಡೆಗೆ ಒರಗಿ ಕೂತರೆ ಅದು ಪುನರ್ವಸತಿ ಅಲ್ಲ. ಅಡುಗೆ, ಹೊಲಿಗೆ, ದುಡ್ಡಿನ ಲೆಕ್ಕ, ಬಸ್ಸು ಹತ್ತುವುದು, ಹೀಗೆ ಮನೆಗೆ ಮರಳುವ ತಯಾರಿ ಕಾಣಬೇಕು. ಇನ್ನೊಂದು ಕಡೆ ಕೆಲಸ ಇರುತ್ತದೆ, ಆದರೆ ಆಸ್ಪತ್ರೆಯ ನೆಲ ಒರೆಸುವುದು, ಪಾತ್ರೆ ತೊಳೆಯುವುದು! ಒತ್ತಾಯದಿಂದ ದುಡಿಸಬಾರದು, ದುಡಿದರೆ ಕೂಲಿ ಕೊಡಬೇಕು.

ಸಿಬ್ಬಂದಿ ಎದುರಿಗೆ ರೋಗಿ "ಚೆನ್ನಾಗಿದೀನಿ" ಎನ್ನುವುದು ಸಹಜ. ಸ್ವಲ್ಪ ದೂರ ಕರೆದುಕೊಂಡು ಕೂತು ಮಾತಾಡಿ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೊರತಂದ ತಪಾಸಣಾ ಪದ್ಧತಿಯಲ್ಲೂ ರೋಗಿಗಳನ್ನು ಪ್ರತ್ಯೇಕವಾಗಿ ಮಾತಾಡಿಸುವುದಿದೆ. ತಂಡದಲ್ಲಿ ಡಾಕ್ಟರರ ಜೊತೆ ಕಾಯಿಲೆ ಅನುಭವಿಸಿದವರೂ ಅವರ ಮನೆಯವರೂ ಇರಬೇಕೆಂದಿದೆ. ಗುಜರಾತಿನ ಸರಕಾರಿ ಆಸ್ಪತ್ರೆಗಳಲ್ಲಿ 2014ರಿಂದ ಈ ಪದ್ಧತಿಯನ್ನು ಬಳಸಿದರು.

ನಮ್ಮ ರಾಜ್ಯದಲ್ಲಿ ತಪಾಸಣೆಯ ಹೊಣೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ್ದು. ಕಾಯ್ದೆ ಹೇಳುವುದು ಮೂರು ವರ್ಷಕ್ಕೊಮ್ಮೆ ಆಡಿಟ್. (ನಮ್ಮ ಸಂಘದ ಪುಸ್ತಕಕ್ಕೇ ವರ್ಷಕ್ಕೊಮ್ಮೆ ಆಡಿಟ್ ಆಗುತ್ತೆ ನೋಡಿ.) ನಡುವಿನ ದಿನಗಳಲ್ಲಿ ನೋಡುವವರು ನಾವೇ. ಕನಿಷ್ಠ ಗುಣಮಟ್ಟ ಇಲ್ಲವೆಂದು ಯಾರು ಬೇಕಾದರೂ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಅದರ ಮೇಲೆ ತಪಾಸಣೆಗೆ ಆದೇಶ ಮಾಡಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ರೋಗಿ ಅಥವಾ ರೋಗಿ ಹೆಸರಿಸಿದ ಪ್ರತಿನಿಧಿ ಮೊದಲು ಆಸ್ಪತ್ರೆಯ ಮುಖ್ಯ ವೈದ್ಯರಿಗೆ, ಅಲ್ಲಿ ಆಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಬರೆಯಬಹುದು. ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ. ಫೋನಿನಲ್ಲಿ ಸಲಹೆ ಬೇಕಿದ್ದರೆ ಟೆಲಿ ಮಾನಸ್ 14416.

ಆ ಸದಸ್ಯೆ ಮತ್ತೊಮ್ಮೆ ಹೋದಾಗ ಸಂಘದ ಇಬ್ಬರು ಜೊತೆಗಿದ್ದರು. ಮುಖ್ಯ ವೈದ್ಯರಿಗೆ ಅರ್ಧ ಪುಟದ ಅರ್ಜಿ ಕೊಟ್ಟು, ಕಾಪಿಯ ಮೇಲೆ ಸೀಲು ಹಾಕಿಸಿಕೊಂಡರು. ಯಾರೂ "ಕರ್ಕೊಂಡು ಹೋಗಿ" ಅನ್ನಲಿಲ್ಲ. ಹೇನಿನ ಔಷಧಿ ಮತ್ತು ಬಾಚಣಿಗೆಯನ್ನು ವಾರ್ಡಿನ ಎಲ್ಲರಿಗೂ ತರಿಸಿದ್ದಾರಂತೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ.