ಚಕ್ಕಡಿಯಲ್ಲಿ ಸುಖನಿದ್ರೆ

ಮನೆಯ ಹೊಸ್ತಿಲು ದಾಟಿ ಪರಸ್ಥಳಕ್ಕೆ ಹೊರಟವರಿಗೆ ಊಟದ ಚಿಂತೆ ಬಹಳ ಹೊತ್ತು ಉಳಿಯುವುದಿಲ್ಲ. ಬುತ್ತಿಯ ಗಂಟಿನಲ್ಲಿ ನಾಲ್ಕು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಆ ಹೊತ್ತು ಕಳೆಯಿತು. ನಿದ್ದೆಯ ಮಾತು ಹಾಗಲ್ಲ. ಹಗಲೆಲ್ಲ ಉತ್ಸಾಹದಿಂದ ಓಡಾಡಿದ ಮನುಷ್ಯ ರಾತ್ರಿ ನೆಲದ ಚಳಿಗೆ ಮೈ ಮುದುಡಿಕೊಂಡು, ಮಗ್ಗುಲು ಬದಲಿಸುತ್ತ ಬೆಳಗು ಮಾಡಿದನೆಂದರೆ, ಮರುದಿನ ದೇವರ ದರ್ಶನಕ್ಕೆ ನಿಂತಾಗಲೂ ಅವನ ಲಕ್ಷ್ಯವೆಲ್ಲ ನೋಯುವ ಸೊಂಟದ ಮೇಲೆಯೇ. ವಯಸ್ಸಾದವರಿಗಂತೂ ಇಂತಹ ಒಂದು ರಾತ್ರಿ ಎಂಟು ದಿನದ ಕೆಮ್ಮಿಗೆ ಸಾಕಾಗುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯ ಜನರಿಗೆ ಈ ವಿಷಯ ಹೊಸದಲ್ಲ. ಜಾತ್ರೆಗೆ ಹೋಗುವುದೆಂದರೆ ಇಲ್ಲಿ ಮನೆಯನ್ನೇ ಗಾಡಿಯ ಮೇಲೆ ಹೇರಿಕೊಂಡು ಹೋಗುವುದು. ಮಕರ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಈ ಮೂರೂ ಚಳಿಗಾಲದಲ್ಲಿಯೇ ಬರುವುದು ಯೋಗಾಯೋಗ. ಬೇಸಗೆಯಲ್ಲಿ ನಲವತ್ತು ಡಿಗ್ರಿಯ ಮೇಲೆ ಕುದಿಯುವ ಈ ಬಯಲುಸೀಮೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಪಾದರಸ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮರಗಳ ಮರೆಯಿಲ್ಲದ ಎರೆಹೊಲಗಳ ಮೇಲಿಂದ ಬೀಸಿಬರುವ ಗಾಳಿಗೆ ತಡೆಯೆಂಬುದೇ ಇಲ್ಲ.

ಹಿಂದೆ ಈ ಪ್ರವಾಸಗಳಿಗೆಲ್ಲ ಚಕ್ಕಡಿಯೇ ವಾಹನ. ಬಿದಿರಿನ ಕಮಾನುಗಳನ್ನು ಬಾಗಿಸಿ ಕಟ್ಟಿ, ಮೇಲೆ ತಟ್ಟಿಯನ್ನೋ ಜಮಖಾನವನ್ನೋ ಹೊದಿಸಿದರೆ ಅದೇ ಕಮಾನು ಬಂಡಿ. ಕೆಲವರ ಬಾಯಲ್ಲಿ ಕೊಲ್ಲಾರಿ ಬಂಡಿ. ಹಗಲು ಪ್ರಯಾಣಕ್ಕೆ, ರಾತ್ರಿ ಶಯನಕ್ಕೆ. ತಳದಲ್ಲಿ ಎತ್ತುಗಳ ಮೇವನ್ನೇ ಒತ್ತಾಗಿ ಹರಡುತ್ತಿದ್ದರು. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಕೌದಿ. ಇದರಲ್ಲಿ ಒಂದು ತಮಾಷೆಯೂ ಇತ್ತು. ಊರು ಬಿಡುವಾಗ ಮೊಣಕೈಯುದ್ದ ದಪ್ಪವಿದ್ದ ಹಾಸಿಗೆ, ದಾರಿಯುದ್ದಕ್ಕೂ ಎತ್ತುಗಳು ಮೇಯುತ್ತ ಹೋದಂತೆ ತೆಳುವಾಗುತ್ತ, ತಿರುಗಿ ಬರುವ ಹೊತ್ತಿಗೆ ಬರಿಯ ಹಲಗೆಯಾಗಿರುತ್ತಿತ್ತು! ಹಿರಿಯರು ಮರುಪ್ರಯಾಣದಲ್ಲಿ ಮೈಕೈ ನೋವೆಂದು ದೂರುತ್ತಿದ್ದುದಕ್ಕೆ ಜಾತ್ರೆಯ ದಣಿವೊಂದೇ ಕಾರಣವಾಗಿರಲಿಲ್ಲ.

ಕಬ್ಬಿಣದ ಗಾಡಿ ಬಂದ ಮೇಲೆ

ಕಾಲ ಬದಲಾಯಿತು. ಈಗ ಅನೇಕ ಮನೆತನಗಳು ಜಾತ್ರೆಗೆ ಸಾಮಾನು ಒಯ್ಯುವುದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ. ಸುಮಾರು 10 ಅಡಿ ಉದ್ದ, 6 ಅಡಿ ಅಗಲದ ಆ ಕಬ್ಬಿಣದ ಪೆಟ್ಟಿಗೆಯ ಮೇಲೆ ಕಮಾನು ನಿಲ್ಲಿಸಿ ತಾಡಪತ್ರಿ ಎಳೆದರೆ ಹತ್ತು ನಿಮಿಷದಲ್ಲಿ ಮನೆ ಸಿದ್ಧ. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂಡಿಸಿ ಓಡಿಸುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಹೆಂಗಸರು, ಮಕ್ಕಳು, ಮುದುಕರು ಬಸ್ಸಿನಲ್ಲಿ ಬಂದು, ಗಾಡಿ ನಿಂತ ಮೇಲೆ ಅದನ್ನು ಬಿಡಾರವಾಗಿ ಬಳಸುವುದೇ ವಿವೇಕ.

ಆದರೆ ನಿಂತ ಟ್ರೇಲರಿನಲ್ಲಿಯೂ ನಿದ್ದೆ ಸುಲಭವಲ್ಲ. ಮರದ ಚಕ್ಕಡಿಯಲ್ಲಿ ಬೆಚ್ಚಗೆ ಮಲಗಿದವರೇ ಕಬ್ಬಿಣದ ಗಾಡಿಯಲ್ಲಿ ನಡುಗುವುದನ್ನು ಕಂಡು ಅನೇಕರು, ‘ಮೊದಲಿನ ಶಕ್ತಿ ಈಗೆಲ್ಲಿ’ ಎಂದು ವಯಸ್ಸನ್ನು ದೂರುತ್ತಾರೆ. ತಪ್ಪು ವಯಸ್ಸಿನದಲ್ಲ, ಕಬ್ಬಿಣದ್ದು. ಮರಕ್ಕಿಂತ ಕಬ್ಬಿಣವು ನೂರಾರು ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಮಲಗಿದವರ ಮೈಯ ಬಿಸಿ ತೆಳುವಾದ ಚಾದರವನ್ನು ದಾಟಿ ತಗಡಿಗೆ ಇಳಿದು, ತಗಡಿನಿಂದ ಕೆಳಗಿನ ಗಾಳಿಗೆ ಸೋರಿಹೋಗುತ್ತದೆ. ಇಂತಹ ಸಮಯದಲ್ಲಿ ಎಲ್ಲರೂ ಮಾಡುವ ಕೆಲಸ ಒಂದೇ: ಮೇಲೆ ಇನ್ನೊಂದು ಹೊದಿಕೆ ಎಳೆದುಕೊಳ್ಳುವುದು. ಚಳಿ ಹತ್ತುತ್ತಿರುವುದು ಕೆಳಗಿನಿಂದ, ಹೊದೆಯುತ್ತಿರುವುದು ಮೇಲೆ! ಎರಡು ಹೊದಿಕೆಗಳಿದ್ದರೆ ಒಂದನ್ನು ಹಾಸಿ ಒಂದನ್ನು ಹೊದೆಯುವವರು ಜಾಣರು.

ಈ ತೊಡಕು ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಅಮೆರಿಕ, ಯುರೋಪುಗಳಲ್ಲಿ ರಜೆಯ ವಿಹಾರಕ್ಕಾಗಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮಡಚುವ ಮನೆಗಾಡಿಗಳುಂಟು. ದಾರಿಯಲ್ಲಿ ಅದು ಮುಚ್ಚಿದ ತಗ್ಗು ಪೆಟ್ಟಿಗೆಯಂತೆ ಕಾಣುತ್ತದೆ. ಬಿಡಾರದಲ್ಲಿ ಹಿಡಿಯೊಂದನ್ನು ತಿರುಗಿಸಿದರೆ ಮಾಡು ಮೇಲೇಳುತ್ತದೆ, ಎರಡು ತುದಿಗಳಿಂದ ಮಂಚದ ಹಲಗೆಗಳು ಹೊರಗೆ ಸರಿಯುತ್ತವೆ, ಅವುಗಳ ಸುತ್ತ ಡೇರೆಯ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ನೋಡಲು ಬಲು ಚೆಂದ. ಆದರೆ ಆ ಮಂಚ ಗಾಡಿಯ ಮೈಯಿಂದ ಹೊರಚಾಚಿ ಗಾಳಿಯಲ್ಲಿ ನಿಂತಿರುತ್ತದೆ. ಮಲಗಿದವರ ಬೆನ್ನಿಗೂ ರಾತ್ರಿಯ ತಣ್ಣನೆಯ ಗಾಳಿಗೂ ನಡುವೆ ಒಂದು ತೆಳುಹಲಗೆ, ಒಂದು ತೆಳುಗಾದಿ ಮಾತ್ರ. ಗಾದಿಯನ್ನು ದಪ್ಪ ಮಾಡೋಣವೆಂದರೆ ಮಾಡು ಮುಚ್ಚುವುದಿಲ್ಲ. ಹೀಗಾಗಿ ಅಲ್ಲಿಯ ಗೃಹಸ್ಥರೂ ಸೊಂಟ ಹಿಡಿದುಕೊಂಡು ಏಳುವವರೇ. ಅವರು ಪ್ರಯೋಗ ಮಾಡಿ ಕಂಡುಕೊಂಡ ಉಪಾಯಗಳೆಂದರೆ, ಗಾದಿಯ ಕೆಳಗೆ ಉಣ್ಣೆಯ ಹೊದಿಕೆ ಹಾಸುವುದು, ಹಲಗೆಗೂ ಗಾದಿಗೂ ನಡುವೆ ಗಾಳಿಯಾಡಲು ಜಾಲರಿಯಂತಹ ಪದರ ಕೊಡುವುದು, ಮೇಲೆ ಎರಡು ಅಂಗುಲದ ಮೆತ್ತನೆಯ ಫೋಮ್ ಸೇರಿಸುವುದು. ಚಕ್ಕಡಿಯಲ್ಲಿ ಹುಲ್ಲು, ಕಂಬಳಿ, ಕೌದಿಗಳು ಮಾಡುತ್ತಿದ್ದುದೂ ಕ್ರಮವಾಗಿ ಇದೇ ಕೆಲಸ.

ಕಂಬಳಿ ಕೆಳಗೆ, ಕೌದಿ ಮೇಲೆ

ಬಿಡಾರದ ಹಾಸಿಗೆಯ ಗುಟ್ಟೆಲ್ಲ ಅಡಗಿರುವುದು ನಿಶ್ಚಲವಾದ ಗಾಳಿಯಲ್ಲಿ. ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ. ಅಲುಗಾಡುವ ಗಾಳಿ ಮಾತ್ರ ಶಾಖವನ್ನು ಕದ್ದೊಯ್ಯುತ್ತದೆ. ಪೇಟೆಯಲ್ಲಿ ದೊರೆಯುವ ಗಾಳಿ ತುಂಬುವ ರಬ್ಬರಿನ ಹಾಸಿಗೆ ಮೆತ್ತಗಿದ್ದರೂ ಚಳಿಯಲ್ಲಿ ತಣ್ಣಗೆ ಕೊರೆಯುವುದು ಇದರಿಂದಲೇ. ಅದರೊಳಗಿನ ಗಾಳಿ ಮಗ್ಗುಲು ಬದಲಿಸಿದಾಗಲೆಲ್ಲ ಅತ್ತಿಂದಿತ್ತ ಹರಿದಾಡುತ್ತದೆ. ಅಂತಹ ಹಾಸಿಗೆ ಕೊಂಡವರು ಅದರ ಮೇಲೆ ಒಂದು ಕಂಬಳಿ ಹಾಸದೆ ಮಲಗಬಾರದು.

ದಖ್ಖನಿನ ಕುರಿಯ ಕಪ್ಪುಣ್ಣೆಯಿಂದ ನೇಯ್ದ ಕಂಬಳಿ ಮೈಗೆ ಚುಚ್ಚುತ್ತದೆಂದು ಪಟ್ಟಣದವರು ಅದನ್ನು ದೂರವಿಡುವುದುಂಟು. ಹೊದೆಯಲು ಅದು ಒರಟು, ನಿಜ. ಹಾಸಲು ಅದಕ್ಕೆ ಸಮನಾದುದು ಮತ್ತೊಂದಿಲ್ಲ. ಉಣ್ಣೆಯ ಎಳೆಗೆ ಸಹಜವಾದ ಸುರುಳಿಯಿರುವುದರಿಂದ ಮೈಭಾರ ಬಿದ್ದರೂ ಅದು ಪೂರಾ ಚಪ್ಪಟೆಯಾಗುವುದಿಲ್ಲ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ನೇಕಾರರು ಅದಕ್ಕೆ ಹುಣಸೆ ಬೀಜದ ಗಂಜಿಯನ್ನು ಹಚ್ಚಿ ಬಿಗಿಗೊಳಿಸುವುದರಿಂದ ಹನಿ ನೀರು ಬೇಗನೆ ಒಳಗಿಳಿಯುವುದಿಲ್ಲ. ವರ್ಷದ ಬಹುಭಾಗ ಕುರಿಗಳೊಡನೆ ಹೊಲದಿಂದ ಹೊಲಕ್ಕೆ ತಿರುಗುತ್ತ, ಬಯಲಿನಲ್ಲಿಯೇ ರಾತ್ರಿ ಕಳೆಯುವ ಕುರುಬರ ಹೆಗಲಿನಿಂದ ಕಂಬಳಿ ಇಳಿಯದಿರುವುದಕ್ಕೆ ಇಷ್ಟು ಕಾರಣಗಳಿವೆ.

ಕೌದಿಯ ಸ್ವಭಾವ ಬೇರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಬಸ, ಮಕ್ಕಳ ಅಂಗಿ ಯಾವುದೂ ವ್ಯರ್ಥವಾಗುತ್ತಿರಲಿಲ್ಲ. ನಾಲ್ಕಾರು ಪದರ ಹಳೆಯ ಬಟ್ಟೆಯನ್ನು ಒಂದರ ಮೇಲೊಂದು ಹರವಿ, ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ದಾರ ಎಳೆದು ಅಜ್ಜಿಯರು ಕೌದಿ ಹೊಲಿಯುತ್ತಿದ್ದರು. ಆ ಸಾಲುಹೊಲಿಗೆ ಅಂದಕ್ಕಾಗಿ ಮಾತ್ರವಲ್ಲ. ಪದರಗಳು ಜಾರದಂತೆ, ಒಂದೆಡೆ ಮುದ್ದೆಗಟ್ಟದಂತೆ ಅದು ಹಿಡಿದಿಡುತ್ತದೆ. ಅರಳೆಯ ರಜಾಯಿ ಒಮ್ಮೆ ನೆನೆದರೆ ಗಂಟುಕಟ್ಟಿ ಕೆಡುತ್ತದೆ. ಕೌದಿಯನ್ನು ಹಳ್ಳದಲ್ಲಿ ಒಗೆದು ಬಂಡೆಯ ಮೇಲೆ ಹರವಿದರೆ ಸಂಜೆಗೆ ಮತ್ತೆ ಹಾಸಿಗೆಗೆ ಬರುತ್ತದೆ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಸವೆದ ಹತ್ತಿಬಟ್ಟೆ ಮೈಗೆ ಹಿತವಾಗುತ್ತದೆ. ಹೊಸ ಬಟ್ಟೆಯ ಕೌದಿಗಳನ್ನು ಈಚೆಗೆ ಅಂಗಡಿಗಳಲ್ಲಿ ಅಲಂಕಾರದ ವಸ್ತುವೆಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಕಣ್ಣಿಗೆ ಅವು ಸೊಗಸೇ. ಮಲಗುವುದಕ್ಕೆ ಮಾತ್ರ ನೂರು ಸಲ ಒಗೆದ ಇಳಕಲ್ ಸೀರೆಯ ಮುಂದೆ ಅವು ನಿಲ್ಲಲಾರವು.

ಟ್ರೇಲರಿನಲ್ಲಿ ಮಲಗುವವರು ಮೊದಲು ತಗಡಿನ ಮೇಲೆ ಒಣಹುಲ್ಲು ತುಂಬಿದ ಗೋಣಿಚೀಲಗಳನ್ನು ಒತ್ತಾಗಿ ಜೋಡಿಸಬೇಕು. ಹುಲ್ಲನ್ನು ಬಿಡಿಯಾಗಿ ಹರಡಿದರೆ ಮಧ್ಯರಾತ್ರಿಯ ಹೊತ್ತಿಗೆ ಅದು ಬದಿಗೆ ಸರಿದು ಸೊಂಟದ ಕೆಳಗೆ ಕಬ್ಬಿಣ ತಾಕುತ್ತದೆ. ಚೀಲದಲ್ಲಿದ್ದರೆ ಆ ಕಾಟವಿಲ್ಲ. ಚೀಲಗಳ ಮೇಲೆ ಕಂಬಳಿ, ಅದರ ಮೇಲೆ ತೆಳುವಾದ ಗಾದಿಯೋ ಫೋಮಿನ ಹಾಳೆಯೋ, ಎಲ್ಲಕ್ಕಿಂತ ಮೇಲೆ ಕೌದಿ. ಮಗ್ಗುಲಾಗಿ ಮಲಗುವ ರೂಢಿಯವರಿಗೆ ಭಾರವೆಲ್ಲ ಭುಜ, ಸೊಂಟಗಳ ಮೇಲೆ ಬೀಳುವುದರಿಂದ ಆ ಭಾಗದಲ್ಲಿ ಇನ್ನೊಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟರೆ ಸಾಕು. ಹಾಸಿಗೆಯುದ್ದಕ್ಕೂ ದಪ್ಪ ಬೇಕಿಲ್ಲ.

ಓರೆಯಾದ ಮಂಚ, ಒದ್ದೆಯಾದ ಗಾದಿ

ಹಾಸಿಗೆ ಎಷ್ಟೇ ಮೆತ್ತಗಿರಲಿ, ಗಾಡಿ ಓರೆಯಾಗಿ ನಿಂತಿದ್ದರೆ ನಿದ್ದೆ ಬಾರದು. ಎತ್ತು ಬಿಚ್ಚಿದ ಚಕ್ಕಡಿ ಮುಂದಕ್ಕೆ ಬಾಗುತ್ತದೆ. ಅದಕ್ಕೆ ಮೂಕಿಯ ಕೆಳಗೆ ಊರುಗೋಲು ಕೊಟ್ಟು, ಗಾಲಿಗಳಿಗೆ ಕಲ್ಲು ಒತ್ತಿಡುವುದು ವಾಡಿಕೆ. ಟ್ರೇಲರಿಗೂ ಇದೇ ಎಚ್ಚರಿಕೆ ಬೇಕು. ಊಟದ ತಾಟಿನಲ್ಲಿ ನೀರು ಹಾಕಿ ಗಾಡಿಯ ನಡುವೆ ಇಟ್ಟರೆ ಯಾವ ಬದಿ ತಗ್ಗೆಂಬುದು ತಿಳಿದುಹೋಗುತ್ತದೆ. ತಲೆಯ ಕಡೆ ಎರಡು ಬೆರಳಿನಷ್ಟು ಎತ್ತರವಿದ್ದರೆ ಉತ್ತಮ. ತಲೆ ತಗ್ಗಾಗಿದ್ದರೆ ಬೆಳಗ್ಗೆ ತಲೆಶೂಲೆ ತಪ್ಪದು.

ಹೊರಸು ಒಯ್ಯುವವರು ಹೊರಡುವ ಮುನ್ನ ಹಗ್ಗವನ್ನು ಬಿಗಿಯಬೇಕು. ಸಡಿಲವಾದ ಹೊರಸಿನಲ್ಲಿ ಮೈ ತೊಟ್ಟಿಲಿನಂತೆ ಬಾಗಿ ಸೊಂಟಕ್ಕೆ ಆಸರೆಯಿಲ್ಲದಾಗುತ್ತದೆ. ಇನ್ನೊಂದು ಮಾತು: ಹೊರಸು ನೆಲದಿಂದ ಎತ್ತರದಲ್ಲಿದ್ದು ಕೆಳಗೆ ಗಾಳಿಯಾಡುವುದರಿಂದ ಚಳಿಗಾಲದಲ್ಲಿ ಹಗ್ಗದ ಮೇಲೆ ಕಂಬಳಿ ಹಾಸದಿದ್ದರೆ ನೆಲಕ್ಕಿಂತಲೂ ತಣ್ಣಗಾದೀತು. ಆದರೂ ಎರೆಭೂಮಿಯ ಬಿರುಕುಗಳಲ್ಲಿ ಚೇಳು, ಹಾವುಗಳು ಮನೆ ಮಾಡಿಕೊಂಡಿರುವ ಸೀಮೆಯಲ್ಲಿ ನೆಲಕ್ಕಿಂತ ಹೊರಸು ಎಷ್ಟೋ ಮೇಲು.

ತೇವದ ಬಗೆಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು, ಬೆವರುಗಳ ಮೂಲಕ ಒಂದು ದೊಡ್ಡ ಲೋಟದಷ್ಟು ನೀರನ್ನು ಹೊರಹಾಕುತ್ತಾನೆ. ಆರು ಜನ ಮಲಗಿ, ತಾಡಪತ್ರಿಯನ್ನು ಸುತ್ತಲೂ ಬಿಗಿದರೆ ಆ ತೇವವೆಲ್ಲ ತಣ್ಣನೆಯ ತಾಡಪತ್ರಿಗೆ ತಾಗಿ ಹನಿಗಟ್ಟಿ ಮೈಮೇಲೆಯೇ ಉದುರುತ್ತದೆ. ಬೆಳಗ್ಗೆ ಕೌದಿ ಒದ್ದೆಯಾದುದನ್ನು ಕಂಡು ಮಕ್ಕಳನ್ನು ಗದರಿಸಿದ ತಾಯಂದಿರೂ ಉಂಟು! ಗಾಳಿ ಬೀಸದ ಬದಿಯಲ್ಲಿ ಮೇಲ್ಗಡೆ ಒಂದು ಗೇಣಿನಷ್ಟು ತೆರಪು ಬಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ತೆರಪು ಬಿಡದೆ ಒಳಗೆ ಕೆಂಡದ ಬೋಗುಣಿ ಇಟ್ಟುಕೊಂಡು ಮಲಗುವುದಂತೂ ಸಾವನ್ನು ಕರೆದಂತೆ. ಮುಚ್ಚಿದ ಜಾಗದಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ನಿದ್ದೆಯಲ್ಲಿರುವವರಿಗೆ ಅದರ ಅರಿವಾಗುವುದೇ ಇಲ್ಲ. ಬೆಂಕಿ ಕಾಯಿಸಿಕೊಳ್ಳುವುದೆಲ್ಲ ಹೊರಗೆ, ಮಲಗುವ ಮುನ್ನ ಮುಗಿಯಬೇಕು. ಬಿಸಿ ಬೇಕೆನ್ನುವ ಮುದುಕರಿಗೆ ಬಿಸಿನೀರು ತುಂಬಿದ ರಬ್ಬರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಪಾದದ ಬಳಿ ಇಟ್ಟರೆ ಸಾಕು. ಟ್ರೇಲರಿನ ಕೆಳಗೆ ನೆರಳು, ಮರೆ ಇದೆಯೆಂದು ಮಲಗುವ ಚಟವೂ ಒಳ್ಳೆಯದಲ್ಲ. ಜಾತ್ರೆಯ ಗದ್ದಲದಲ್ಲಿ ಯಾರು ಯಾವ ಗಾಡಿಯನ್ನು ಯಾವಾಗ ಸರಿಸುತ್ತಾರೆಂದು ಹೇಳಲಾಗದು.

ಜಾತ್ರೆಯವರದು ಮೂರು ನಾಲ್ಕು ರಾತ್ರಿಗಳ ಪಾಡು. ಇದೇ ತಾಲೂಕುಗಳಿಂದ, ವಿಶೇಷವಾಗಿ ತಾಂಡಾಗಳಿಂದ, ದಸರೆ ದೀಪಾವಳಿಗಳ ನಂತರ ಗಂಟುಮೂಟೆ ಕಟ್ಟಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಕೃಷ್ಣಾತೀರದ ಕಾರ್ಖಾನೆಗಳ ಸೀಮೆಗೂ ಹೋಗುವ ಕುಟುಂಬಗಳದು ಮೂರು ನಾಲ್ಕು ತಿಂಗಳುಗಳ ಪಾಡು. ನೀರುಂಡ ಕಬ್ಬಿನ ಗದ್ದೆಯ ಅಂಚಿನಲ್ಲಿ, ಕಬ್ಬಿನ ರವದಿಯನ್ನೇ ಹೊದಿಸಿದ ಗುಡಿಸಲಿನಲ್ಲಿ ಅವರ ವಾಸ. ಒಳಗೆ ಹಾಸುವುದೂ ರವದಿಯೇ. ಹೊಸದಾಗಿ ಕಡಿದ ಹಸಿ ರವದಿ ಬೆಚ್ಚಗಿಡುವ ಬದಲು ತೇವವನ್ನೇ ಕೊಡುತ್ತದೆ. ಎರಡು ದಿನ ಬಿಸಿಲಿಗೆ ಒಣಗಿಸಿ, ಕೆಳಗೆ ತಾಡಪತ್ರಿಯ ತುಂಡೊಂದನ್ನು ಹಾಸಿ, ಒಂದು ಮೊಳ ದಪ್ಪಕ್ಕೆ ಹರಡಿ, ವಾರಕ್ಕೊಮ್ಮೆ ಬದಲಾಯಿಸಿದರೆ ಅದು ಕಾಸಿಲ್ಲದ ಗಾದಿಯಾದೀತು. ದಿನವಿಡೀ ಬಾಗಿ ದುಡಿದ ಬೆನ್ನಿಗೆ ಅಷ್ಟಾದರೂ ಸಲ್ಲಬೇಕು.

ಹಸುಗೂಸುಗಳ ಹಾಸಿಗೆ ಇನ್ನೂ ಸೂಕ್ಷ್ಮವಾದುದು. ಗುಡಿಸಲಿನ ಬೊಂಬಿಗೋ ಚಕ್ಕಡಿಯ ಅಚ್ಚಿಗೋ ಸೀರೆ ಕಟ್ಟಿ ತೂಗುವ ತೊಟ್ಟಿಲು ಹಗಲಿಗೆ ಹಿತ. ರಾತ್ರಿಯಾದೊಡನೆ ಕೆಳಗಿನಿಂದ ಗಾಳಿ ನೇರವಾಗಿ ಮಗುವಿನ ಬೆನ್ನಿಗೆ ತಾಕುತ್ತದೆ. ಮೇಲೆ ಎರಡು ಬಟ್ಟೆ ಹೊದಿಸಿ, ಕೆಳಗೆ ಒಂದೇ ಪದರದ ಸೀರೆ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಬಿಗಿಯಾಗಿ ಹೊಲಿದ ಸಣ್ಣ ಕೌದಿಯೊಂದನ್ನು ತೊಟ್ಟಿಲಿನ ತಳಕ್ಕೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕೂ ಮೂಲೆಗಳನ್ನು ಸೀರೆಗೆ ದಾರ ಹಾಕಿ ಭದ್ರವಾಗಿ ಕಟ್ಟಬೇಕು; ಆಗ ತೂಗಿದರೂ ಅದು ಜಾರುವುದಿಲ್ಲ, ಮಗುವಿನ ಮುಖದ ಮೇಲೆ ಬೀಳುವುದೂ ಇಲ್ಲ.