ಡಬ್ಬಿಯಲ್ಲೇ ಉಳಿದ ‘ಬೆಳಕು’

ಕಾಲಿಗೆ ಗುಂಡು ತಾಗಿಲ್ಲ. ಮೂಳೆ ಮುರಿದಿಲ್ಲ, ನರಗಳಿಗೂ ಪೆಟ್ಟಾಗಿಲ್ಲ. ಆದರೂ ಆ ಯುವಕನಿಗೆ ಒಂದು ಹೆಜ್ಜೆ ಇಡಲೂ ಆಗುತ್ತಿಲ್ಲ. ಸಹಾಯಕರು ಅವನ ತೋಳು ಹಿಡಿದು ವೈದ್ಯರ ಬಳಿಗೆ ತರುತ್ತಾರೆ. ವೈದ್ಯರು ಮಂಪರು ತರಿಸುವ ಚುಚ್ಚುಮದ್ದು ಕೊಟ್ಟು ಮೆಲ್ಲಗೆ ಮಾತನಾಡಿಸುತ್ತಾರೆ. ಸ್ವಲ್ಪ ಹೊತ್ತಿನ ನಂತರ ‘ಎದ್ದು ನಡೆ’ ಎನ್ನುತ್ತಾರೆ. ಅವನು ನಡೆಯುತ್ತಾನೆ!

ಇದು ಕಥೆ ಬರೆದು ನಟರಿಂದ ಆಡಿಸಿದ ದೃಶ್ಯವಲ್ಲ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ, ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನ ಮೇಸನ್ ಜನರಲ್ ಆಸ್ಪತ್ರೆಯಲ್ಲಿ ನಿಜವಾದ ಸೈನಿಕರನ್ನೇ ಇಟ್ಟುಕೊಂಡು ತೆಗೆದ ಸಾಕ್ಷ್ಯಚಿತ್ರದ ಭಾಗ. ಹೆಸರು ‘ಲೆಟ್ ದೇರ್ ಬಿ ಲೈಟ್’, ಅಂದರೆ ‘ಬೆಳಕಾಗಲಿ’. ನಿರ್ದೇಶಕ ಜಾನ್ ಹ್ಯೂಸ್ಟನ್. ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರದಿಂದ ಹೆಸರು ಮಾಡಿ, ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಿದ್ದವನು. ಹಿನ್ನೆಲೆಯ ಧ್ವನಿ ಅವನ ತಂದೆ, ನಟ ವಾಲ್ಟರ್ ಹ್ಯೂಸ್ಟನ್‌ನದು.

ಚಿತ್ರ ಮಾಡಿಸಿದ್ದು ಅಮೆರಿಕದ ಸೈನ್ಯವೇ. ಮನಸ್ಸಿಗೆ ಪೆಟ್ಟು ತಿಂದು ಮರಳಿದವರನ್ನು ಹುಚ್ಚರೆಂದು ತಿಳಿದು ಕಾರ್ಖಾನೆಯವರು ಕೆಲಸ ಕೊಡಲು ಹಿಂಜರಿಯುತ್ತಿದ್ದರು. ಇವರು ಹುಚ್ಚರಲ್ಲ, ಚಿಕಿತ್ಸೆ ಪಡೆದು ಎಲ್ಲರಂತೆ ದುಡಿಯಬಲ್ಲರು ಎಂದು ಆ ಮಾಲೀಕರಿಗೆ ತೋರಿಸುವುದು ಉದ್ದೇಶವಾಗಿತ್ತು. ಸೈನ್ಯದಲ್ಲಿ ಗಾಯಗೊಂಡವರ ಪೈಕಿ ಶೇಕಡಾ 20ರಷ್ಟು ಮಂದಿಯದು ಇಂಥ ಮಾನಸಿಕ ಗಾಯ ಎಂದು ಚಿತ್ರ ಆರಂಭದಲ್ಲೇ ಹೇಳುತ್ತದೆ.

ಒಬ್ಬನಿಗೆ ವಿಪರೀತ ತೊದಲು, ಅದರಲ್ಲೂ ‘ಸ’ಕಾರ ಬಂದರೆ ನಾಲಗೆ ಕಟ್ಟುತ್ತದೆ. ತಲೆಯ ಮೇಲೆ ಹಾರಿ ಬರುತ್ತಿದ್ದ ಶೆಲ್‌ಗಳ ಸದ್ದು ಆ ಅಕ್ಷರದಲ್ಲಿ ಅಡಗಿ ಕೂತಿದೆ! ಮಾತು ಮರಳಿದಾಗ ‘ನಾನು ಮಾತಾಡಬಲ್ಲೆ’ ಎಂದು ಅವನು ಕೂಗುವುದನ್ನು ಕೇಳಿದವರು ಮರೆಯಲಾರರು. ಒಕಿನಾವಾ ಕಾಳಗದ ನಂತರ ತನ್ನ ಹೆಸರನ್ನೇ ಮರೆತವನು ಇನ್ನೊಬ್ಬ. ಮತ್ತೊಬ್ಬ ಕಪ್ಪು ಯುವಕ ಪ್ರೇಯಸಿಯ ಫೋಟೋದ ಮಾತು ಬಂದೊಡನೆ ಬಿಕ್ಕಿಬಿಕ್ಕಿ ಅಳುತ್ತಾನೆ. ‘ಗಂಡಸಾಗಿ ಅಳುವುದೇ’ ಎಂದು ಅಲ್ಲಿ ಯಾರೂ ಗದರುವುದಿಲ್ಲ. ಬಿಳಿಯರು, ಕರಿಯರು ಒಂದೇ ಕೋಣೆಯಲ್ಲಿ ಕೂತು ಮಾತನಾಡುತ್ತಾರೆ. ಸೈನ್ಯದಲ್ಲಿ ವರ್ಣಭೇದ ಕೊನೆಗೊಳಿಸುವ ಆದೇಶ ಬಂದದ್ದು 1948ರಲ್ಲಿ ಎಂಬುದನ್ನು ನೆನೆದರೆ ಇದೂ ಸಣ್ಣ ಸಂಗತಿಯಲ್ಲ.

1946ರಲ್ಲಿ ಚಿತ್ರ ಸಿದ್ಧವಾಯಿತು. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಎಲ್ಲ ಅಣಿಯಾಗಿದ್ದಾಗ ಮಿಲಿಟರಿ ಪೊಲೀಸರು ಬಂದು ಪ್ರತಿಯನ್ನು ಹೊತ್ತುಕೊಂಡು ಹೋದರು. ರೋಗಿಗಳ ಖಾಸಗಿತನ ಕಾಪಾಡಬೇಕೆಂಬುದು ಸೈನ್ಯ ಕೊಟ್ಟ ಕಾರಣ. ಈ ಕಾರಣವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ; ಅಳುವ ಮುಖವನ್ನು ಊರಿಗೆಲ್ಲ ತೋರಿಸಬೇಕೇ ಎಂದು ಯಾವ ತಾಯಿಯೂ ಕೇಳಿಯಾಳು. ಆದರೆ ಹ್ಯೂಸ್ಟನ್ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನು ಇನ್ನಷ್ಟು ಗಟ್ಟಿಯಾಗಿ ಮರಳುತ್ತಾನೆಂಬ ವೀರಗಾಥೆಗೆ ಧಕ್ಕೆಯಾಗುತ್ತದೆಂಬ ಭಯವೇ ನಿಜವಾದ ಕಾರಣ ಎಂಬುದು ಅವನ ವಾದ. 1948ರಲ್ಲಿ ಇದೇ ವಿಷಯದ ಮೇಲೆ ‘ಶೇಡ್ಸ್ ಆಫ್ ಗ್ರೇ’ ಎಂಬ ಚಿತ್ರವನ್ನು ಸೈನ್ಯವೇ ತಂದಿತು. ಅದರಲ್ಲಿ ಇದ್ದವರು ನಟರು!

ಹ್ಯೂಸ್ಟನ್ ಚಿತ್ರದ ಮೇಲಿನ ತಡೆ ತೆರವಾದದ್ದು 1980ರ ಕೊನೆಯಲ್ಲಿ. ಯುದ್ಧದಂಥ ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ಬಾಧೆಗೆ ಅಮೆರಿಕದ ಮನೋವೈದ್ಯರು ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎಂದು ಅಧಿಕೃತವಾಗಿ ಹೆಸರಿಟ್ಟಿದ್ದೂ ಅದೇ ವರ್ಷ. ವಿಯೆಟ್ನಾಂನಿಂದ ಮರಳಿದ ಸೈನಿಕರು ವರ್ಷಗಟ್ಟಲೆ ಒತ್ತಾಯಿಸಿದ ಫಲವಿದು. 1946ರ ಆ ಹುಡುಗರು ಅಷ್ಟರಲ್ಲಿ ನಡುವಯಸ್ಸು ದಾಟಿದ್ದರು.

ಚಿತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಸೂಜಿ ಚುಚ್ಚಿದೊಡನೆ ಕಾಲು ಬರುವುದು, ಸಂಮೋಹನದಿಂದ ನೆನಪು ಮರಳುವುದು ನೋಡಿದರೆ ವೈದ್ಯರು ಮಂತ್ರವಾದಿಗಳೇನೋ ಎನಿಸುತ್ತದೆ. ನಡೆದ ಮಾತ್ರಕ್ಕೆ ರೋಗ ವಾಸಿಯಾಯಿತೆಂದಲ್ಲ, ಅದಕ್ಕೆ ಕಾಲ ಬೇಕು ಎಂದು ಹಿನ್ನೆಲೆಯ ಧ್ವನಿ ಎಚ್ಚರಿಸುತ್ತದೆ ನಿಜ. ಆದರೆ ನೋಡುಗನ ಕಣ್ಣಲ್ಲಿ ಉಳಿಯುವುದು ಎದ್ದು ನಡೆದ ಹುಡುಗನೇ. ಕೊನೆಗೆ ಇವರೆಲ್ಲ ಬೇಸ್‌ಬಾಲ್ ಆಡುತ್ತಾರೆ, ಬಸ್ಸು ಹತ್ತಿ ಊರಿಗೆ ಹೊರಡುತ್ತಾರೆ. ಮನೆಗೆ ಹೋದ ಮೇಲೆ, ರಾತ್ರಿ ಬೆಚ್ಚಿ ಎದ್ದಾಗ ಪಕ್ಕದಲ್ಲಿ ಯಾರಿದ್ದರು ಎಂಬಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ.

ಹಳೆಯ ಪ್ರತಿಗಳಲ್ಲಿ ಧ್ವನಿ ತೀರಾ ಮಸುಕಾಗಿತ್ತು. ಮೆಲುದನಿಯಲ್ಲಿ ಆಡಿದ ಮಾತುಗಳು ಅರ್ಥವಾಗುತ್ತಿರಲಿಲ್ಲ. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಚಿತ್ರವನ್ನು ದುರಸ್ತಿ ಮಾಡಿಸಿತು. ವೈದ್ಯರ ಮುಂದೆ ತಲೆ ತಗ್ಗಿಸಿ ಆ ಹುಡುಗರು ಹೇಳಿಕೊಂಡದ್ದು ಈಗ ಕೇಳಿಸುತ್ತದೆ.